ಆದವಾನೀಯ ಅಲ್ಪವಾದ್ಯ ಮೀಮಾಂಸೆ, ಅಥವಾ ಐವರ ದುಡ್ಡಿಗೆ ಮೂವರು ಬಂದಾಗ ಜಾಝ್ ಹುಟ್ಟುವ ಬಗೆ

ಜಾಝ್ ಹುಟ್ಟಿದ್ದು ಆದವಾನಿಯಲ್ಲಿ ಎಂದು ಸಾಧಿಸುವ ಉದ್ಧಟತನ ಈ ಪ್ರಬಂಧಕ್ಕಿಲ್ಲ. ಅಷ್ಟಕ್ಕೆ ಪುರಾವೆ ಸಾಲದು. ಅಮೆರಿಕದ ನ್ಯೂ ಆರ್ಲಿಯನ್ಸ್ ಎಂಬ ಊರು ಆದವಾನಿಯ ಒಂದು ಓಣಿ ಎಂದಷ್ಟೇ ತೋರಿಸಿ, ಆಮೇಲೆ ಸಣ್ಣ ಮೇಳಕ್ಕೆ ಹಾಡು ಕಟ್ಟುವ, ಹೊಂದಿಸುವ ಶಾಸ್ತ್ರವನ್ನು ಶಿಷ್ಯರ ಹಿತಕ್ಕಾಗಿ ಸಂಗ್ರಹಿಸಲಾಗುವುದು.

ಓಣಿ ಎಂಬುದಕ್ಕೆ ಮೊದಲ ಪ್ರಮಾಣ ಹತ್ತಿ. 1871ರಲ್ಲಿ ಮದ್ರಾಸಿನ ರೈಲುಹಳಿ ಹತ್ತಿಯ ಪೇಟೆಯಾದ ಆದವಾನಿಯನ್ನು ಹಾದು ಹೋಗಿ ರಾಯಚೂರಿನಲ್ಲಿ ಮುಂಬಯಿಯ ಹಳಿಯನ್ನು ಕೂಡಿತು. ಅದೇ 1871ರಲ್ಲಿ ನ್ಯೂ ಆರ್ಲಿಯನ್ಸಿನ ವರ್ತಕರು ಕಾಟನ್ ಎಕ್ಸ್‌ಚೇಂಜ್ ಕಟ್ಟಿಕೊಂಡರು. ಇದನ್ನು ಕಾಕತಾಳೀಯ ಎನ್ನುವವರಿಗೆ ಕಾಗೆಯೂ ಗೊತ್ತಿಲ್ಲ, ತಾಳವೂ ಗೊತ್ತಿಲ್ಲ. ಎರಡನೆಯ ಪ್ರಮಾಣ ಮೆರವಣಿಗೆ. ವಾದ್ಯವಿಲ್ಲದೆ ಮನುಷ್ಯನನ್ನು ಮದುವೆಗೂ ಕಳಿಸದ, ಮಸಣಕ್ಕೂ ಕಳಿಸದ ಊರುಗಳಿವು. ನ್ಯೂ ಆರ್ಲಿಯನ್ಸಿನವರು ಹೆಣದ ಹಿಂದೆ ಹೋಗುವಾಗ ವಿಳಂಬದಲ್ಲಿ ಭಜನೆ ಊದುತ್ತಾರೆ, ಮಣ್ಣು ಮಾಡಿ ಬರುವಾಗ ಕುಣಿತದ ಲಯ ಹಿಡಿಯುತ್ತಾರೆ. ನಮ್ಮ ಹಲಗೆಯವರು ಆ ಕುಣಿತವನ್ನು ಹೋಗುವಾಗಲೇ ಮುಗಿಸಿಬಿಡುತ್ತಾರೆ. ಸತ್ತವನಿಗೂ ಸ್ವಲ್ಪ ಕೇಳಲಿ ಎಂಬ ದಾಕ್ಷಿಣ್ಯ.

ಇಲ್ಲಿ ಪೂರ್ವಪಕ್ಷವೊಂದು ಎದ್ದು ನಿಲ್ಲುತ್ತದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದ ಮೇಲೆ ಇದರ ಮೀಮಾಂಸೆ ಕನ್ನಡದಲ್ಲೇಕೆ? ಉತ್ತರ: ಗಡಿ ಸರಿಯಿತು ನಿಜ, ಆದರೆ ಕ್ಲಾರಿಯೊನೆಟ್ಟಿಗೆ ಯಾರೂ ನೋಟೀಸು ಕೊಡಲಿಲ್ಲ. ಅದು ಇವತ್ತಿಗೂ ಒಂದೇ ಉಸಿರಿನಲ್ಲಿ ತೆಲುಗು ಪಲ್ಲವಿ ಎತ್ತಿ, ಕನ್ನಡ ಚರಣಕ್ಕೆ ಹೊರಳಿ, ಹಿಂದಿಯಲ್ಲಿ ಮುಗಿಸುತ್ತದೆ. ಇನ್ನು ಕದ್ರಿ ಗೋಪಾಲನಾಥರು ಜಾಝ್ ಯಾತ್ರಾ ಉತ್ಸವದಲ್ಲಿ ಸ್ಯಾಕ್ಸಫೋನ್ ಊದಿದ್ದು 1980ರಲ್ಲಿ, ಮುಂಬಯಿಯಲ್ಲಿ. ಅದರ ಕೀರ್ತಿ ಮಂಗಳೂರಿಗೆ ಸಲ್ಲಬೇಕೆಂದು ಕರಾವಳಿಯ ವಿದ್ವಾಂಸರ ವಾದ. ಆದವಾನಿಗೆ ಎರಡನೇ ಮುಂಬಯಿ ಎಂಬ ಬಿರುದಿರುವುದನ್ನು ಅವರು ಮರೆತಿದ್ದಾರೆ. ಯಾವ ಮುಂಬಯಿ ಎಂದು ಬಿಡಿಸಿ ಹೇಳದಿದ್ದಲ್ಲಿ ಹತ್ತಿರದ್ದನ್ನೇ ಹಿಡಿಯಬೇಕೆಂಬುದು ವ್ಯಾಖ್ಯಾನದ ನಿಯಮ.

ಈಗ ಶಾಸ್ತ್ರ. ಮೊದಲ ಸೂತ್ರ: ಬಂದವರೇ ಮೇಳ. ಎಂದರೆ, ಹಾಡನ್ನು ವಾದ್ಯಗಳಿಗಾಗಿ ಹೊಂದಿಸಬಾರದು, ಮುಹೂರ್ತಕ್ಕೆ ಬಂದು ಮುಟ್ಟಿದವರಿಗಾಗಿ ಹೊಂದಿಸಬೇಕು. ಡ್ಯೂಕ್ ಎಲಿಂಗ್ಟನ್ನನೂ ಹೀಗೇ. ಟ್ರಂಪೆಟ್ಟಿಗೆ ಬರೆಯದೆ ಕೂಟಿ ವಿಲಿಯಮ್ಸನಿಗೆ ಬರೆದ, ಸ್ಯಾಕ್ಸಿಗೆ ಬರೆಯದೆ ಜಾನಿ ಹಾಡ್ಜಸನಿಗೆ ಬರೆದ. ಅವನ ವಾದಕರು ವರ್ಷಾನುಗಟ್ಟಲೆ ಜೊತೆಗಿದ್ದರು. ನಮ್ಮವರು ಅದೇ ಹೊತ್ತಿಗೆ ಆಲೂರಿನಲ್ಲಿ ಇನ್ನೊಂದು ಮದುವೆ ಒಪ್ಪಿಕೊಂಡಿರುತ್ತಾರೆ. ಆದ್ದರಿಂದ ಆದವಾನಿಯ ಬ್ಯಾಂಡ್ ಮಾಸ್ಟರನ ವಿದ್ಯೆ ಎಲಿಂಗ್ಟನ್ನನದಕ್ಕಿಂತ ಒಂದು ಕೈ ಮೇಲು. 1952ರಲ್ಲಿ ಜೆರಿ ಮಲಿಗನ್ ಎಂಬಾತ ಲಾಸ್ ಏಂಜಲಿಸ್ಸಿನಲ್ಲಿ ಪಿಯಾನೋ ಇಲ್ಲದೆ ನಾಲ್ವರ ಮೇಳ ಕಟ್ಟಿದನೆಂದು ಜಗತ್ತು ಮೂಗಿನ ಮೇಲೆ ಬೆರಳಿಟ್ಟಿತು. ನಮ್ಮಲ್ಲಿ ಯಾರೂ ಇಡಲಿಲ್ಲ. ಮೆರವಣಿಗೆಯಲ್ಲಿ ಪಿಯಾನೋ ಹೊರುವವರು ಯಾರು?

ಎರಡರಿಂದ ನಾಲ್ಕರವರೆಗಿನ ಸೂತ್ರಗಳನ್ನು ಗೆದ್ದಲು ಅಧ್ಯಯನ ಮಾಡಿದೆ.

ಐದನೆಯ ಸೂತ್ರ: ಪಂಚಮಕ್ಕೆ ಪಗಾರವಿಲ್ಲ. ಇದನ್ನು ಅರಗಿಸಿಕೊಂಡವನು ಸಣ್ಣ ಮೇಳದ ಅರ್ಧ ವಿದ್ಯೆ ಕಲಿತಂತೆ. ಸ-ಗ-ಪ-ನಿ ಎಂಬ ನಾಲ್ಕು ಸ್ವರಗಳ ಒಂದು ಗೊಂಚಲಿದೆ (ನಿ ಕೋಮಲ), ಯೂಫೋನಿಯಂನವನನ್ನು ಬಿಟ್ಟರೆ ಊದುವವರು ಇಬ್ಬರೇ ಇದ್ದಾರೆ ಎನ್ನೋಣ. ಸ ಅನ್ನು ತಗ್ಗಿನಲ್ಲಿ ಯೂಫೋನಿಯಂ ಹೇಗೂ ಗೊಣಗುತ್ತಿರುತ್ತದೆ. ಪ ಇದ್ದರೂ ಒಂದೇ, ಬಿಟ್ಟರೂ ಒಂದೇ. ಗೊಂಚಲಿನ ಗುಣ ಹೇಳುವವು ಗ, ನಿ ಎರಡೇ; ಆ ಇಬ್ಬರಿಗೆ ಅವನ್ನು ಹಂಚಬೇಕು. ಮುಂದಿನ ಗೊಂಚಲು ಮಧ್ಯಮದ ಮೇಲೆ ನಿಂತಾಗ ಗ ಅರ್ಧ ಹೆಜ್ಜೆ ಏರಿ ಮ ಆಗುತ್ತದೆ, ನಿ ಅರ್ಧ ಹೆಜ್ಜೆ ಇಳಿದು ದ ಆಗುತ್ತದೆ. ಅಡಕತ್ತರಿಯ ಎರಡು ಅಲಗು ಕೂಡಿದಂತೆ ಕಟಕ್ಕೆಂದು ಕೂಡುತ್ತವೆ. ಬಾಸ್ಟನ್ನಿನ ಶಾಲೆಗಳಲ್ಲಿ ಇದಕ್ಕೆ ಡಾಲರುಗಟ್ಟಲೆ ಫೀಜು ಕಟ್ಟಬೇಕು.

ಸ ಯಾರದು ಎಂಬ ಜಗಳವನ್ನು ಇಲ್ಲಿಯೇ ಬಗೆಹರಿಸುವುದು ಒಳಿತು. ಟ್ರಂಪೆಟ್ಟಿನವನ ಸ ಬೇರೆ, ಆಲ್ಟೋ ಸ್ಯಾಕ್ಸಿನವನ ಸ ಬೇರೆ. ಇಬ್ಬರೂ ಏಕಕಂಠದಲ್ಲಿ ಕೇಳಿಸಬೇಕಾದರೆ ಟ್ರಂಪೆಟ್ಟಿನವನು ತನ್ನ ಸ ಊದುವಾಗ ಆಲ್ಟೋದವನು ತನ್ನ ಪ ಹಿಡಿಯಬೇಕು. ಎರಡೂ ಸ ಒಂದೇ, ಕೇಳುವ ಭೇದ ಮಿಥ್ಯೆ ಎಂದು ವಾದಿಸುವವರಿದ್ದಾರೆ. ಅವರ ಹಾಡನ್ನು ಜನ ಕೇಳಿದ್ದಾರೆ. ಮಂತ್ರಾಲಯ ಇಷ್ಟು ಹತ್ತಿರವಿರುವಾಗ ಭೇದವೇ ಸತ್ಯ, ಭೇದವೇ ನಿತ್ಯ ಎಂಬ ಪಕ್ಷ ಇಲ್ಲಿ ಗೆಲ್ಲದೆ ಬೇರೆ ದಾರಿಯಿಲ್ಲ.

ಮಂತ್ರಾಲಯದ ನೆಪದಲ್ಲಿ ರಾಯರ ಪ್ರಸ್ತಾಪ ಬಂದದ್ದರಿಂದ ಸ್ವರಲಿಪಿಯ ವಿಚಾರ. ಅಕ್ಷರ ಬಾರದ ವೆಂಕಣ್ಣ ರಾಯರನ್ನು ನೆನೆದು ಆದವಾನಿಯ ನವಾಬನ ಮುಂದೆ ಕಾಗದವನ್ನು ಗಡಗಡನೆ ಓದಿ, ದಿವಾನನಾದ ಎಂಬ ಪ್ರತೀತಿ ಎಲ್ಲರಿಗೂ ಗೊತ್ತು. ಕಾಗದ ಕಂಡ ಕ್ಷಣವೇ ನುಡಿಸುವ ವಿದ್ಯೆಗೆ ಇಷ್ಟು ಹಳೆಯ ಆಧಾರ ಯುರೋಪಿನವರು ತೋರಿಸಲಿ ನೋಡೋಣ. ಆದವಾನಿಯ ವಾದಕರು ಇಂದಿಗೂ ಇದೇ ಪದ್ಧತಿಯವರು. ನೊಟೇಷನ್ ಹಾಳೆ ಚಾಚಿದ ಶಿಷ್ಯನಿಗೆ ಹಿರಿಯನೊಬ್ಬ ಹೇಳಿದ್ದು: "ಇದ್ರಾಗ ಓದಾದೇನೈತಪ್ಪ, ಊದಾದೈತಿ."

ಆರನೆಯ ಸೂತ್ರ ಹಾಡಿನ ಆಕಾರವನ್ನು ಕುರಿತದ್ದು. ಜಾಝಿನವರು ಪಲ್ಲವಿಯನ್ನು ಎಲ್ಲರೂ ಕೂಡಿ ನುಡಿಸಿ, ಒಬ್ಬೊಬ್ಬರೇ ವಿಸ್ತರಿಸಿ, ಮತ್ತೆ ಪಲ್ಲವಿಗೆ ಬರುತ್ತಾರೆ. ನಡುವಿನ ವಿಸ್ತಾರ ಎಷ್ಟು ಆವರ್ತ? ಅವರ ಹಾಳೆಯಲ್ಲಿ 'ಸನ್ನೆ ಸಿಗುವವರೆಗೆ ಸುತ್ತುತ್ತಿರಿ' ಎಂದಷ್ಟೇ ಇರುತ್ತದೆ, ಸನ್ನೆ ಯಾರದೆಂದು ಇರುವುದಿಲ್ಲ. ಪಾಶ್ಚಾತ್ಯ ಸಿದ್ಧಾಂತದ ದೊಡ್ಡ ಕೊರತೆಯಿದು. ನಮ್ಮಲ್ಲಿ ಸನ್ನೆ ಮದುಮಗನ ಸೋದರಮಾವನದು. ಅವನು ಹಲ್ಲಿನಲ್ಲಿ ಹತ್ತರ ನೋಟು ಕಚ್ಚಿಕೊಂಡು ಕುಣಿಯುತ್ತಿರುವಷ್ಟು ಹೊತ್ತು ಕ್ಲಾರಿಯೊನೆಟ್ಟಿನ ವಿಸ್ತಾರ. ನೋಟು ಡ್ರಮ್ಮಿನವನ ಕೈ ಸೇರಿದೊಡನೆ ಪಲ್ಲವಿ.

ಉಳಿದದ್ದು ಶ್ರುತಿ. ಮೆರವಣಿಗೆಯ ತಂಬೂರಿ ಯಾವುದೆಂದರೆ ಹಿಂದಿನ ಗಾಡಿಯಲ್ಲಿ ಬರುವ ಜನರೇಟರು. ಸರಿಯಾಗಿ ಓಡಿದರೆ ಅದರ ವಿದ್ಯುತ್ತು ಸೆಕೆಂಡಿಗೆ 50 ಸಲ ಕಂಪಿಸುತ್ತದೆ. ಅಮೆರಿಕದ ವಿದ್ಯುತ್ತು 60 ಸಲ. ನಮ್ಮ 50ನ್ನು ಷಡ್ಜ ಎಂದಿಟ್ಟುಕೊಂಡರೆ ಅವರ 60 ಕರಾರುವಾಕ್ಕಾಗಿ ಆರಕ್ಕೆ ಐದರ ಪ್ರಮಾಣದ ಸಾಧಾರಣ ಗಾಂಧಾರ. ಗುಣಿಸಿ ನೋಡಿ, ಕೂದಲೆಳೆಯಷ್ಟೂ ವ್ಯತ್ಯಾಸ ಬಾರದು. ಬ್ಲೂಸಿನ ಜೀವ ಇರುವುದು ಆ ಬಾಗಿದ ಗಾಂಧಾರದ ಸುತ್ತಲೇ ಅಲ್ಲವೆ? ಹಾಗಾದರೆ ಬ್ಲೂಸ್ ಎಂಬುದು ಅಮೆರಿಕದ ಕರೆಂಟು ಆದವಾನಿಯ ಷಡ್ಜಕ್ಕಾಗಿ ಪಡುವ ವಿರಹ. ಮನೆಮನೆಗೆ ಕರೆಂಟು ಬರುವ ಮೊದಲೇ ಬ್ಲೂಸ್ ಇತ್ತು ಎಂಬ ಆಕ್ಷೇಪಕ್ಕೆ ಅನುಬಂಧದಲ್ಲಿ ಸಮರ್ಪಕ ಉತ್ತರ ಕೊಡಲಾಗಿದೆ. ಅನುಬಂಧ ಮುದ್ರಣದಲ್ಲಿ ಬಿಟ್ಟುಹೋಗಿದೆ.

ಶಿಷ್ಯರ ಅಭ್ಯಾಸಕ್ಕೆ ಒಂದು ಪ್ರಶ್ನೆ: ಐವರಿಗೆ ಮುಂಗಡ ಕೊಟ್ಟಿದೆ. ಬಂದವರು ಆಲ್ಟೋ, ಟ್ರಂಪೆಟ್, ದೊಡ್ಡ ಡ್ರಮ್ಮು. ಛತ್ರ ಇನ್ನೂ ದೂರವಿರುವಾಗಲೇ ಜನರೇಟರಿನ ಡೀಸೆಲ್ಲು ಮುಗಿದಿದೆ, ಸೋದರಮಾವ ಮುನಿಸಿಕೊಂಡು ಹಿಂದೆ ಉಳಿದಿದ್ದಾನೆ, ಹೆಣ್ಣಿನ ಕಡೆಯವರು ತೆಲುಗು ಹಾಡು ಕೇಳುತ್ತಿದ್ದಾರೆ, ಗಂಡಿನ ಕಡೆಯವರು ರಾಜಕುಮಾರ್ ಹಾಡು. ಗ ಯಾರಿಗೆ, ನಿ ಯಾರಿಗೆ? ಉತ್ತರವನ್ನು ಕೂತು ಬರೆಯಕೂಡದು, ನಡೆಯುತ್ತಲೇ ಬರೆಯಬೇಕು.