ಬಳಗಮೀಮಾಂಸೆ ಅಥವಾ ವಾಟ್ಸಾಪ್ ಕಥಾಸ್ಪರ್ಧೆಗಳಲ್ಲಿ ಓದುಗನೆಂಬ ಪದಾರ್ಥದ ಅಭಾವ

ಕನ್ನಡ ನಾಡಿನ ಜನ ಓದು ಕಲಿಯದೆಯೂ ಕಾವ್ಯ ಕಟ್ಟಬಲ್ಲವರು ಎಂದು ಒಂಬತ್ತನೆಯ ಶತಮಾನದಲ್ಲೇ ಕವಿರಾಜಮಾರ್ಗ ಸಾರಿತು. ಅದನ್ನು ನಾವು ಇಂದಿಗೂ ಹೊಗಳಿಕೆ ಎಂದೇ ತಿಳಿದು ರಾಜ್ಯೋತ್ಸವದ ಭಾಷಣಗಳಲ್ಲಿ ಬಳಸುತ್ತಿದ್ದೇವೆ. ಅದು ಎಚ್ಚರಿಕೆಯೂ ಆಗಿರಬಹುದೆಂಬ ಅನುಮಾನ ಪ್ರಸ್ತುತ ಪ್ರಬಂಧಕಾರರಿಗೆ ಬಂದದ್ದು ವಾಟ್ಸಾಪ್ ಸಾಹಿತ್ಯ ಬಳಗವೊಂದಕ್ಕೆ ಸೇರಿದ ಮೇಲೆ. ಎಲ್ಲರೂ ಕವಿಗಳೆಂದು ಹೇಳಿದ ಶಾಸ್ತ್ರಕಾರ, ಹಾಗಾದರೆ ಓದುವವರು ಯಾರು ಎಂಬ ಮುಂದಿನ ಪ್ರಶ್ನೆಯನ್ನು ಕೈಬಿಟ್ಟ. ಅದನ್ನು ಎತ್ತಿಕೊಳ್ಳುವುದೇ ಈ ಪ್ರಬಂಧದ ಉದ್ದೇಶ.

ಮೊದಲು ಲಕ್ಷಣ. ಒಬ್ಬ ಅಡ್ಮಿನ್, ಡಿಪಿಯಲ್ಲಿ ಒಂದು ಸೂರ್ಯೋದಯ, ಹೆಸರಿನಲ್ಲಿ ಸಿಂಚನ, ಸ್ಪಂದನ, ಕಲರವಗಳಲ್ಲಿ ಯಾವುದಾದರೂ ಒಂದು, ದಿನಕ್ಕೊಂದು ಸ್ಪರ್ಧೆ: ಇಷ್ಟಿದ್ದರೆ ಅದು ಬಳಗ. ಸೋಮವಾರ ದತ್ತಪದ ಕವನ, ಮಂಗಳವಾರ ಗಝಲ್, ಬುಧವಾರ ಹಾಯ್ಕು, ಗುರುವಾರ ಚಿತ್ರಕ್ಕೊಂದು ಕಥೆ, ಶುಕ್ರವಾರ ನ್ಯಾನೋ ಕಥೆ, ಶನಿವಾರ ಫಲಿತಾಂಶ, ಭಾನುವಾರ ಫಲಿತಾಂಶದ ಬಗ್ಗೆ ಮುನಿಸು. ರಚನೆ ಸ್ವಂತದ್ದಾಗಿರಬೇಕು, ಇನ್ನೂರು ಪದ ಮೀರಬಾರದು, ಮೇಲೆ ‘ಸ್ಪರ್ಧೆಗಾಗಿ’ ಎಂದಿರಬೇಕು, ರಾತ್ರಿ ಒಂಬತ್ತರೊಳಗೆ ಬರಬೇಕು, ತೀರ್ಪುಗಾರರ ತೀರ್ಮಾನವೇ ಅಂತಿಮ. ಪಂಪನು ವಿಕ್ರಮಾರ್ಜುನ ವಿಜಯವನ್ನು ಆರು ತಿಂಗಳಲ್ಲಿ, ಆದಿಪುರಾಣವನ್ನು ಮೂರು ತಿಂಗಳಲ್ಲಿ ಮುಗಿಸಿದೆನೆಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಈ ನಿಯಮಾವಳಿಯ ಪ್ರಕಾರ ಎರಡೂ ತಿರಸ್ಕೃತ: ಒಂದು, ತಡವಾಗಿದೆ; ಎರಡು, ಪದಮಿತಿ ಮೀರಿದೆ; ಮೂರು, ಊರಿನ ಹೆಸರಿನ ಪಕ್ಕ ಮೊಬೈಲ್ ನಂಬರ್ ಇಲ್ಲ.

ಇದೆಲ್ಲ ಮೊನ್ನೆ ಮೊನ್ನೆಯ ಹುಚ್ಚು ಎಂದು ಮೂಗು ಮುರಿಯುವವರು ಅಷ್ಟಾವಧಾನ ನೋಡಿದವರಲ್ಲ. ಪ್ರಶ್ನೆ ಕೇಳುವ ಪೃಚ್ಛಕ ಕೊಟ್ಟ ಪದಗಳನ್ನು ಪದ್ಯದಲ್ಲಿ ಹೆಣೆಯುವುದು ದತ್ತಪದಿ; ಕೊನೆಯ ಸಾಲು ಕೊಟ್ಟರೆ ಉಳಿದದ್ದನ್ನು ತುಂಬುವುದು ಸಮಸ್ಯಾಪೂರಣ; ಇಂಥ ಅಕ್ಷರ ಬೇಡ ಎಂದು ಹೆಜ್ಜೆಹೆಜ್ಜೆಗೂ ತಡೆಯುವುದು ನಿಷೇಧಾಕ್ಷರಿ. ಬಳಗದ ಸೋಮವಾರ ದತ್ತಪದಿಯ ನೇರ ವಂಶಸ್ಥ. ನಿಷೇಧಾಕ್ಷರಿಯನ್ನು ಫೋನಿನ ಕೀಲಿಮಣೆ ಸಂಭಾವನೆಯಿಲ್ಲದೆ ನಡೆಸಿಕೊಡುತ್ತದೆ. ಇನ್ನು, ಅವಧಾನಿಯ ಏಕಾಗ್ರತೆ ಕೆಡಿಸಲೆಂದೇ ಅಸಂಬದ್ಧ ಪ್ರಶ್ನೆ ಎಸೆಯುವ ಅಪ್ರಸ್ತುತ ಪ್ರಸಂಗಿಯ ಹುದ್ದೆ ಬಳಗದಲ್ಲಿ ಒಬ್ಬರಿಗೆ ಮೀಸಲಲ್ಲ. ಕಥೆಯ ನಾಯಕಿ ಬಾವಿಯ ಕಟ್ಟೆ ಹತ್ತಿದ ಕ್ಷಣದಲ್ಲಿ ಒಂದು ‘ಶುಭೋದಯ’, ಅದರ ಕೆಳಗೆ ಮಂಡಿನೋವಿಗೆ ಮೆಂತ್ಯದ ಪುಡಿ, ಅದರ ಕೆಳಗೆ ಮಾರಾಟಕ್ಕಿರುವ ಸೈಟು. ವ್ಯತ್ಯಾಸ ಒಂದೇ. ಅವಧಾನದಲ್ಲಿ ಕವಿ ಒಬ್ಬ, ಪೃಚ್ಛಕರು ಎಂಟು, ಉಳಿದವರು ಕೇಳುಗರು. ಬಳಗದಲ್ಲಿ ಉಳಿದವರೂ ಕವಿಗಳೇ.

ಪೂರ್ವಪಕ್ಷದವರು ಇಲ್ಲಿ ಎದ್ದು ನಿಂತು, ‘ಓದುಗರಿಲ್ಲವೆಂದರೆ ಚಪ್ಪಾಳೆ ಎಲ್ಲಿಂದ ಬಂತು?’ ಎಂದು ಕೇಳುತ್ತಾರೆ. ಅವರ ವಾದವನ್ನು ನ್ಯಾಯಶಾಸ್ತ್ರದ ಕ್ರಮದಲ್ಲೇ ಇಡೋಣ. ಪ್ರತಿಜ್ಞೆ: ಈ ಕಥೆಯನ್ನು ಓದಲಾಗಿದೆ. ಹೇತು: ಇದರ ಕೆಳಗೆ ಚಪ್ಪಾಳೆ ಇರುವುದರಿಂದ. ಉದಾಹರಣೆ: ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಕಂಡಂತೆ. ಕೇಳಲು ಸೊಗಸಾಗಿದೆ, ಆದರೆ ಬಳಗದಲ್ಲಿ ಬೆಂಕಿಯಿಲ್ಲದೆ ಹೊಗೆಯಾಡುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಸದಸ್ಯೆಯೊಬ್ಬರು ಮನೆಯವರಿಗೆ ಕಳಿಸಬೇಕಾಗಿದ್ದ ತಿಂಗಳ ಹಾಲಿನ ಲೆಕ್ಕವನ್ನು ಕೈತಪ್ಪಿ ಬಳಗಕ್ಕೆ ಹಾಕಿ, ಗಾಬರಿಯಾಗಿ ಅಳಿಸಿದರು. ಪರದೆಯ ಮೇಲೆ ಉಳಿದದ್ದು ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಸಾಲು ಮಾತ್ರ. ಅದರ ಕೆಳಗೆ ಮೂರು ಗುಲಾಬಿ, ಒಂದು ಜೊತೆ ಮುಗಿದ ಕೈ, ಮತ್ತು ‘ಅದ್ಭುತ ಭಾವ ಮೇಡಂ, ಮನ ಮುಟ್ಟಿತು’ ಎಂಬ ಹಿರಿಯರೊಬ್ಬರ ಮೆಚ್ಚುಗೆ. ಆದ್ದರಿಂದ ಚಪ್ಪಾಳೆ ಎಂಬ ಹೇತು ಸವ್ಯಭಿಚಾರ ಎಂಬ ಹೇತ್ವಾಭಾಸದ ಬಾಯಿಗೆ ಬಿತ್ತು. (ಬರೆದ ಪದವನ್ನು ಅಳಿಸುವವನು ತಾನಲ್ಲವೆಂದು ಕೊಚ್ಚಿಕೊಂಡ ಕುಮಾರವ್ಯಾಸನಿಗೆ, 2017ರಲ್ಲಿ ಬಂದ ಈ ಅಳಿಸುವ ಸೌಲಭ್ಯದಿಂದ ಪ್ರಯೋಜನವೇನೂ ಇರುತ್ತಿರಲಿಲ್ಲ.)

ವೈಶೇಷಿಕರು ದ್ರವ್ಯ, ಗುಣ ಮೊದಲಾದ ಪದಾರ್ಥಗಳನ್ನು ಎಣಿಸಿ ಏಳನೆಯದಾಗಿ ಅಭಾವವನ್ನೂ ಪದಾರ್ಥವೆಂದೇ ಒಪ್ಪಿದ್ದು ಎಷ್ಟು ದೂರದೃಷ್ಟಿಯ ಕೆಲಸ ಎಂಬುದು ಈಗ ತಿಳಿಯುತ್ತದೆ. ಕಥೆ ಬೀಳುವ ಮುನ್ನ ಓದುಗ ಇಲ್ಲದಿರುವುದು ಪ್ರಾಗಭಾವ. ಕಥೆ ಉದ್ದವಾಗಿ, ‘ಇನ್ನಷ್ಟು ಓದಿ’ ಎಂದು ನೀಲಿ ಅಕ್ಷರ ಬಂದೊಡನೆ ಇದ್ದೊಬ್ಬ ಓದುಗನೂ ಮಾಯವಾಗುವುದು ಪ್ರಧ್ವಂಸಾಭಾವ. ಹಾಯ್ಕುವಿಗೆ ಈ ಎರಡನೆಯ ಭಯವಿಲ್ಲ, ಅದು ಮೂರೇ ಸಾಲು. ಬಳಗಗಳಲ್ಲಿ ಜಪಾನಿನ ಛಂದಸ್ಸು ಇಷ್ಟು ಬೇಗ ಬೇರೂರಿದ್ದಕ್ಕೆ ಇದಕ್ಕಿಂತ ಆಳವಾದ ಸಾಂಸ್ಕೃತಿಕ ಕಾರಣ ನಮಗೆ ಸಿಕ್ಕಿಲ್ಲ.

ಹಾಗಾದರೆ ಖಚಿತವಾಗಿ ಓದುವವನು ಒಬ್ಬನೇ, ತೀರ್ಪುಗಾರ. ಓದಲೇಬೇಕು, ಅದು ಅವನ ಪ್ರಾರಬ್ಧ. ಹತ್ತನೆಯ ಶತಮಾನದ ಆರಂಭದಲ್ಲಿದ್ದ ರಾಜಶೇಖರ ತನ್ನ ಕಾವ್ಯಮೀಮಾಂಸೆಯಲ್ಲಿ ವಿಮರ್ಶಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ಯಾವುದೂ ರುಚಿಸದ ಅರೋಚಕಿ. ಹುಲ್ಲು ಕಾಳು ಎನ್ನದೆ ಎಲ್ಲವನ್ನೂ ಮೇಯುವ ಸತೃಣಾಭ್ಯವಹಾರಿ. ಹೊಟ್ಟೆಕಿಚ್ಚಿನ ಮತ್ಸರಿ. ಸಾರವನ್ನು ಹಿಡಿಯಬಲ್ಲ ತತ್ತ್ವಾಭಿನಿವೇಶಿ. ಬಳಗದ ತೀರ್ಪುಗಾರರಲ್ಲಿ ಎರಡನೆಯ ಪಂಗಡದವರದೇ ಬಹುಮತ. ‘ಎಲ್ಲ ಕಥೆಗಳೂ ಒಂದಕ್ಕಿಂತ ಒಂದು ಚೆನ್ನಾಗಿದ್ದು, ಆಯ್ಕೆ ಕಷ್ಟವಾಯಿತು’ ಎಂಬುದು ಅವರ ಮೇವಿನ ಸದ್ದು. ಮತ್ಸರಿಯನ್ನು ಗುರುತಿಸುವುದೂ ಸುಲಭ: ಅವರು ಹಿಂದಿನ ವಾರ ಸಮಾಧಾನಕರ ಬಹುಮಾನ ಪಡೆದವರು. ಇನ್ನು ನಾಲ್ಕನೆಯವನು ಸಾವಿರದಲ್ಲಿ ಒಬ್ಬ ಎಂದು ರಾಜಶೇಖರನೇ ಅಂಕಿ ಕೊಟ್ಟುಬಿಟ್ಟಿದ್ದಾನೆ. ಇಲ್ಲಿ ಗಣಿತ ಅನಿವಾರ್ಯ. 2016ರಲ್ಲಿ ವಾಟ್ಸಾಪ್ ಗುಂಪಿನ ಮಿತಿ 256 ಸದಸ್ಯರು, ಅಂದರೆ ಬಳಗಕ್ಕೆ ಕಾಲು ತತ್ತ್ವಾಭಿನಿವೇಶಿ. 2022ರಲ್ಲಿ ಅದು ಮೊದಲು 512 ಆಗಿ, ಅದೇ ವರ್ಷ 1024ಕ್ಕೆ ಏರಿತು. ಕಂಪನಿಯವರು ಕಾವ್ಯಮೀಮಾಂಸೆ ಓದಿಯೇ ಈ ಸಂಖ್ಯೆಗೆ ಬಂದರೆಂದು ನಾವು ಹೇಳುವುದಿಲ್ಲ. ಆದರೂ ಭರ್ತಿಯಾದ ಪ್ರತಿ ಬಳಗದಲ್ಲಿ ಈಗ ಒಬ್ಬ ನಿಜವಾದ ಸಹೃದಯ ಇರಲೇಬೇಕು, ಮೇಲೆ ಇಪ್ಪತ್ತನಾಲ್ಕು ಜನ ಚಿಲ್ಲರೆ.

ಆ ಒಬ್ಬ ಯಾರೆಂದು ಹುಡುಕುತ್ತಾ ನಾವು ಗುರುವಾರಗಳನ್ನು ವಿಶೇಷವಾಗಿ ಗಮನಿಸಿದೆವು. ಚಿತ್ರಕ್ಕೊಂದು ಕಥೆ ಎಂಬ ಸ್ಪರ್ಧೆಗೆ ಮೊದಲು ಬಳಗದಲ್ಲೇ ಇದ್ದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಜಲವರ್ಣದ ಚಿತ್ರ ಬರೆದುಕೊಡುತ್ತಿದ್ದರು. ಅವರು ಬೇರೇನೂ ಕೇಳಿದವರಲ್ಲ. ಯಾರಾದರೂ ಬಣ್ಣದ ಬಗ್ಗೆ ಒಂದು ಮಾತಾಡಲಿ ಎಂಬ ಆಸೆಯಷ್ಟೇ ಇತ್ತು. ಚಿತ್ರ ಬಿದ್ದ ಹತ್ತು ನಿಮಿಷಕ್ಕೆ ಕಥೆಗಳು ಬೀಳುತ್ತಿದ್ದವು, ಮಾತು ಬರಲಿಲ್ಲ. ರಾಜಶೇಖರನು ರಾಜಸಭೆಯ ಆಸನಗಳನ್ನು ಹಂಚುವಾಗ ಚಿತ್ರಕಾರರನ್ನು ಅಪಭ್ರಂಶ ಕವಿಗಳ ಹಿಂದೆ ಕೂರಿಸಿದ್ದಾನೆ. ಮುಂದಿರುವವರು ಹಿಂತಿರುಗಿ ನೋಡುವುದಿಲ್ಲವೆಂದು ಅವನಿಗೆ ಗೊತ್ತಿತ್ತೇನೋ. ಮೇಷ್ಟ್ರು ಚಿತ್ರ ಕಳಿಸುವುದನ್ನು ನಿಲ್ಲಿಸಿದರು. ಈಗ ಅಡ್ಮಿನ್ ಎಐಗೆ ಹೇಳಿ ಚಿತ್ರ ಮಾಡಿಸುತ್ತಾರೆ.

ಅಂಥದೊಂದು ಗುರುವಾರ ಬಂದ ಚಿತ್ರ ಇದು: ಮುರಿದ ಹೆಂಚಿನ ಮನೆ, ಜಗಲಿಯ ಮೇಲೆ ಒಬ್ಬ ಅಜ್ಜಿ, ಕೈಯಲ್ಲಿ ಲಾಟೀನು. ಬಂದ ಕಥೆಗಳಲ್ಲೆಲ್ಲ ಮಗ ಅಮೆರಿಕದಲ್ಲಿದ್ದ. ಒಂದರಲ್ಲಿ ಮಾತ್ರ ಆಸ್ಟ್ರೇಲಿಯಾದಲ್ಲಿದ್ದ. ಅದನ್ನು ತೀರ್ಪುಗಾರರು ‘ವಿಭಿನ್ನ ವಸ್ತು’ ಎಂದು ಗುರುತಿಸಿದರು. ಸೊಸೆ ಎಲ್ಲದರಲ್ಲೂ ಕೆಟ್ಟವಳು. ಕೊನೆಗೆ ಲಾಟೀನಿನ ದೀಪ ಆರುತ್ತದೆ, ಜೊತೆಗೆ ಅಜ್ಜಿಯೂ. ಶಿರಸಿ ಕಡೆಯ ಒಬ್ಬರು ಮಾತ್ರ ಬೇರೆ ಬರೆದರು. ಅವರ ಕಥೆಯ ಹುಡುಗಿಯ ಬಲಗೈಗೆ ಆರು ಬೆರಳು. ಹೆಚ್ಚಿನದನ್ನು ತೆಗೆಸಿದರೆ ಮದುವೆ ಎಂದಿತ್ತು ಗಂಡಿನ ಕಡೆ. ಅವಳು ತೆಗೆಸಲಿಲ್ಲ, ಮನೆ ಬಿಡಲಿಲ್ಲ, ಮುದುಕಿಯಾದಳು, ಲಾಟೀನು ಹಿಡಿದು ದನ ಕಟ್ಟಲು ಹೊರಟಿದ್ದಾಳೆ. ಅಷ್ಟೇ ಕಥೆ, ಯಾರೂ ಸಾಯುವುದಿಲ್ಲ. ತೀರ್ಪುಗಾರರ ಟಿಪ್ಪಣಿ: ‘ನಿರೂಪಣೆ ಉತ್ತಮ. ಆದರೆ ಚಿತ್ರದಲ್ಲಿ ಇಲ್ಲದ ಅಂಶ ಸೇರಿಸಲಾಗಿದೆ. ತಾಯಿಯ ಮಮತೆ ಬಂದಿಲ್ಲ.’ ನಾವು ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಎಣಿಸಿದೆವು. ಲಾಟೀನು ಹಿಡಿದ ಕೈಯಲ್ಲಿ ಬೆರಳು ಆರೇ ಇದ್ದವು.

ಹರಣಪ್ರಕರಣವನ್ನು ಚುಟುಕಾಗಿ ಮುಗಿಸಬಹುದು. ಒಬ್ಬ ಕವಿಯ ಅರ್ಥವನ್ನು ಇನ್ನೊಬ್ಬ ಮಾತು ಬದಲಿಸಿ ಎತ್ತಿಕೊಂಡರೆ ಅದು ಪ್ರತಿಬಿಂಬಕಲ್ಪ. ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ಬೇರೆಯದೆನ್ನಿಸಿದರೆ ಆಲೇಖ್ಯಪ್ರಖ್ಯ. ಹೀಗೆ ಕದಿಯುವುದರಲ್ಲೂ ಶ್ರಮದ ಮಟ್ಟಗಳಿವೆ ಎಂದು ಪ್ರಾಚೀನರು ಒಪ್ಪಿದ್ದರು. ಹೆಸರು ಮಾತ್ರ ತೆಗೆದು, ಅಕ್ಷರದೋಷಗಳನ್ನೂ ಸೇರಿಸಿ ಯಥಾವತ್ತಾಗಿ ಕಳಿಸುವ ಫಾರ್ವರ್ಡಿನಲ್ಲಿ ಶ್ರಮದ ಯಾವ ಮಟ್ಟವೂ ಇಲ್ಲ. 2018ರಿಂದ ವಾಟ್ಸಾಪ್ ಅದರ ನೆತ್ತಿಯ ಮೇಲೆ ಫಾರ್ವರ್ಡ್ ಎಂದೇ ಬರೆಯುತ್ತಿದೆ. ಆ ಗುರುತಿನ ಕೆಳಗೇ ‘ಸ್ವರಚಿತ’ ಎಂದು ಬರೆದ ಕಥೆಯೊಂದಕ್ಕೆ ತೃತೀಯ ಬಹುಮಾನ ಬಂದಿದೆ.

ಪ್ರಯೋಜನವೇನು? ಆಲಂಕಾರಿಕ ಮಮ್ಮಟನ ಪ್ರಕಾರ ಕಾವ್ಯಕ್ಕೆ ಯಶಸ್ಸು, ಹಣ ಮೊದಲಾಗಿ ಆರು ಪ್ರಯೋಜನಗಳು. ಯಶಸ್ಸು ಇ-ಪ್ರಮಾಣಪತ್ರದ ರೂಪದಲ್ಲಿ ಬರುತ್ತದೆ: ಬಂಗಾರದ ಅಂಚು, ಮೂಲೆಯಲ್ಲಿ ನವಿಲು, ನಡುವೆ ಆಧಾರ್ ಕಾರ್ಡಿನಿಂದ ಕತ್ತರಿಸಿದ ಭಾವಚಿತ್ರ. ಪ್ರಥಮ, ದ್ವಿತೀಯ, ತೃತೀಯ, ಅತ್ಯುತ್ತಮ, ಉತ್ತಮ, ಮೆಚ್ಚುಗೆ, ಪ್ರೋತ್ಸಾಹಕ ಎಂದು ಹಂಚುತ್ತಾ ಹೋದರೆ ಕೈಗೆ ಏನೂ ಸಿಗದವರು ಉಳಿಯುವುದಿಲ್ಲ. ಉಳಿದರೆ ‘ಭಾಗವಹಿಸಿದ್ದಕ್ಕೆ’ ಇದೆ. ಹಣದ ವಿಷಯದಲ್ಲಿ ಮಮ್ಮಟ ದಿಕ್ಕು ತಪ್ಪಿದ್ದಾನೆ. ದೊರೆ ಅರಿಕೇಸರಿ ಪಂಪನಿಗೆ ಧರ್ಮವುರವೆಂಬ ಅಗ್ರಹಾರ ಕೊಟ್ಟ. ಬಳಗ ವಿಜೇತರಿಗೆ ಪುಸ್ತಕ ಕೊಡುತ್ತದೆ. ಪುಸ್ತಕ ತೀರ್ಪುಗಾರರದೇ, ಕೊರಿಯರ್ ಖರ್ಚು ವಿಜೇತರದು. ವರ್ಷದ ಕೊನೆಗೆ ‘ನಿಮ್ಮ ಕಥೆ ಸಂಕಲನಕ್ಕೆ ಆಯ್ಕೆಯಾಗಿದೆ, ಅಭಿನಂದನೆಗಳು’ ಎಂಬ ಸಂದೇಶದ ಬೆನ್ನಿಗೇ ಎಷ್ಟು ಪ್ರತಿ ಕೊಳ್ಳಬೇಕೆಂಬುದೂ, ಫೋನ್‌ಪೇ ನಂಬರೂ ಬರುತ್ತದೆ.

ಇಷ್ಟಾದರೂ ಬಳಗವನ್ನು ತೆಗಳುವ ದನಿಗೆ ನಮ್ಮ ಸಹಿಯಿಲ್ಲ. ಪತ್ರಿಕೆಗಳ ದೀಪಾವಳಿ ಕಥಾಸ್ಪರ್ಧೆಗೆ ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು, ಸ್ವವಿಳಾಸದ ಲಕೋಟೆ ಇಟ್ಟು ಕಳಿಸಿ, ಆ ಲಕೋಟೆಯನ್ನು ಮನೆಯವರ ಎದುರಿಗೇ ಪೋಸ್ಟ್‌ಮ್ಯಾನ್ ಕೈಯಿಂದ ವಾಪಸು ಪಡೆಯುವ ಧೈರ್ಯ ಎಲ್ಲರಿಗೂ ಇರಲಿಲ್ಲ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಗ್ಯಾಸ್ ಕಟ್ಟೆಗೆ ಒರಗಿ ಬೆರಳಲ್ಲೇ ಕಥೆ ಬರೆಯುವವರು ಈ ಬಳಗಗಳಲ್ಲಿದ್ದಾರೆ. ಆರು ಬೆರಳಿನ ಕಥೆ ಬಂದ ಹೊತ್ತು ರಾತ್ರಿ ಎಂಟು ಐವತ್ತೆಂಟು.

ಕೊನೆಯದಾಗಿ ಒಂದು ಸಂಶಯ ಉಳಿದಿದೆ. 1024ರಲ್ಲಿ ಒಬ್ಬ ತತ್ತ್ವಾಭಿನಿವೇಶಿ ಇರಬೇಕೆಂದು ಸಾಧಿಸಿದೆವು ಸರಿ, ಅವನು ಇನ್ನೂ ಬಳಗದಲ್ಲಿದ್ದಾನೆಯೇ? ಮೊದಲೆಲ್ಲ ಯಾರು ಹೊರಬಿದ್ದರೂ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತಿತ್ತು. 2022ರಿಂದ ಸದ್ದಿಲ್ಲದೆ ಹೋಗಬಹುದು, ಅಡ್ಮಿನ್‌ಗೆ ಮಾತ್ರ ಸೂಚನೆ ಹೋಗುತ್ತದೆ. ಆದ್ದರಿಂದ ಅಡ್ಮಿನ್ ಅವರಿಗೆ ವೈಯಕ್ತಿಕವಾಗಿ ಬರೆದು, ಹಿಂದಿನ ತಿಂಗಳಲ್ಲಿ ಬಳಗ ತೊರೆದವರಲ್ಲಿ ಕಥೆಗಳನ್ನು ಪೂರ್ತಿ ಓದುವ ಅಭ್ಯಾಸವಿದ್ದವರು ಯಾರಾದರೂ ಇದ್ದರೇ ಎಂದು ವಿಚಾರಿಸಿದೆವು. ಎರಡು ನೀಲಿ ಗೆರೆ ಬಿದ್ದವು. ಅರ್ಧ ಗಂಟೆಯೊಳಗೆ ಉತ್ತರವೂ ಬಂತು: ಬಂಗಾರದ ಅಂಚು, ಮೂಲೆಯಲ್ಲಿ ನವಿಲು, ‘ವಾರದ ಅತ್ಯುತ್ತಮ ಲೇಖನ, ದ್ವಿತೀಯ’. ನಮ್ಮ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ. ಪ್ರಥಮ ಯಾರಿಗೆ ಬಂತೆಂದು ವಿಚಾರಿಸುತ್ತಿದ್ದೇವೆ.