ಹರಿಗೋಲು ನ್ಯಾಯ: ಸಾಣಾಪುರದ ಪಡಸಾಲೆಯ ಗೇಮ್ ಪೆಟ್ಟಿಗೆ ಕುರಿತೊಂದು ಕಿರು ಮಹಾಪ್ರಬಂಧ

1. ವಿಷಯ ಪ್ರವೇಶ

ಗಂಗಾವತಿ ಸೀಮೆಯ ಸಂಶೋಧನೆಯೆಲ್ಲ ಇದುವರೆಗೆ ಕಲ್ಲಿನ ಮೇಲೆಯೇ ನಡೆದಿದೆ. ಹಿರೇಬೆಣಕಲ್ಲಿನ ಶಿಲಾಸಮಾಧಿಗಳು ಕಲ್ಲು, ಆನೆಗೊಂದಿಯ ಕೋಟೆ ಕಲ್ಲು, ಕೊಪ್ಪಳದ ಗವಿಮಠದಲ್ಲಿ ಅಶೋಕನ ಶಾಸನ ಇರುವುದೂ ಕಲ್ಲಿನ ಮೇಲೆ, ಅಂಜನಾದ್ರಿಯ 575 ಮೆಟ್ಟಿಲೂ ಕಲ್ಲೇ. ಪ್ಲಾಸ್ಟಿಕ್ಕಿನ ಮೇಲೆ ಬೆಳಕು ಚೆಲ್ಲಿದ ವಿದ್ವಾಂಸರು ಒಬ್ಬರೂ ಇಲ್ಲ. ಈ ಕೊರತೆಯನ್ನು ನೀಗಿಸುವ ಹೊಣೆ ಪ್ರಸ್ತುತ ಸಂಶೋಧಕನ ಹೆಗಲೇರಿದೆ. ಬೇರೆ ಯಾರೂ ಹೆಗಲು ಕೊಡಲಿಲ್ಲವಾದ್ದರಿಂದ ಏರಿದೆ ಎಂಬುದನ್ನೂ ಇಲ್ಲಿ ದಾಖಲಿಸುವುದು ಶಾಸ್ತ್ರೋಚಿತ.

ಅಧ್ಯಯನದ ವಸ್ತು ಇದು: ಸಾಣಾಪುರದ ಒಂದು ಮನೆಯ ಪಡಸಾಲೆಯಲ್ಲಿ, ಟಿವಿಯ ಕೆಳಗೆ, ಬಟ್ಟೆ ಹೂವಿನ ಕುಂಡದ ಪಕ್ಕದಲ್ಲಿ ಕೂತಿರುವ ಒಂದು ಕರಿ ಪೆಟ್ಟಿಗೆ. ಹುಟ್ಟುಹೆಸರು ಪ್ಲೇಸ್ಟೇಷನ್ 3. ಹುಟ್ಟಿದ್ದು ಗೇಮ್ ಆಡಿಸಲು, ಮಾಡುತ್ತಿರುವುದು ಸಿನಿಮಾ ತೋರಿಸುವ ಚಾಕರಿ. ಮನೆಯವರು ಅದನ್ನು ‘ಪಿಚ್ಚರ್ ಹಚ್ಚೋ ಪೆಟಗಿ’ ಎನ್ನುತ್ತಾರೆ. ಇದು ಅದರ ಅಧಃಪತನವೋ ಮೋಕ್ಷವೋ ಎಂಬುದೇ ಈ ಪ್ರಬಂಧದ ಮೂಲ ಪ್ರಶ್ನೆ.

2. ಆಕರಗಳು ಮತ್ತು ಮತಭೇದಗಳು

ಆಕರಗಳು ಮೂರು: ಮನೆಯ ಅಜ್ಜ, ಬೆಂಗಳೂರಿನಲ್ಲಿ ನೌಕರಿ ಮಾಡುವ ಮೊಮ್ಮಗ ಮತ್ತು ಸ್ವತಃ ಪೆಟ್ಟಿಗೆ. ಮೂವರ ಹೇಳಿಕೆಯೂ ಒಂದಕ್ಕೊಂದು ತಾಳೆಯಾಗುವುದಿಲ್ಲ; ಆದ್ದರಿಂದ ಮೂರೂ ವಿಶ್ವಾಸಾರ್ಹ.

ಪೆಟ್ಟಿಗೆ ಊರಿಗೆ ಬಂದ ಬಗೆಯಲ್ಲಿ ಭಿನ್ನಮತಗಳಿವೆ. ಮೊದಲನೆಯದು ಗಡ್ಡೆ ಮೂಲದ ವಾದ. ವಿರೂಪಾಪುರ ಗಡ್ಡೆಯ ಹೋಟೆಲುಗಳಲ್ಲಿ ಪರದೇಶದವರು ದಿಂಬಿಗೊರಗಿ ಸಂಜೆ ಸಿನಿಮಾ ನೋಡುತ್ತಿದ್ದರು. ಸುಪ್ರೀಂ ಕೋರ್ಟಿನ ತೀರ್ಪು ಬಂದು 2020ರ ಮಾರ್ಚಿನಲ್ಲಿ ಅಲ್ಲಿನ ಕಟ್ಟಡಗಳನ್ನು ಕೆಡವಿದಾಗ ಸಾಮಾನು ಸರಂಜಾಮು ಸುತ್ತಲ ಊರುಗಳಿಗೆ ಹರಿಯಿತು, ಅದರಲ್ಲಿ ಇದೂ ತೇಲಿಬಂತು ಎಂಬುದು ಈ ಪಂಥದ ಅಂಬೋಣ. ಎರಡನೆಯದು ಗಂಗಾವತಿಯ ಸೆಕೆಂಡ್ ಹ್ಯಾಂಡ್ ಮೊಬೈಲ್ ಅಂಗಡಿ ಮೂಲದ ವಾದ. ಮೂರನೆಯವನು ಮೊಮ್ಮಗ, ಹೊಸದು ಕೊಂಡ ಮೇಲೆ ಹಳೆಯದನ್ನು ತಾನೇ ಬಸ್ಸಿನಲ್ಲಿ ತಂದೆ ಎನ್ನುತ್ತಾನೆ. ಆದರೆ ಆತ ಬದುಕಿರುವ ಸಾಕ್ಷಿ. ಬದುಕಿರುವವರ ಮಾತನ್ನು ಇತಿಹಾಸಕಾರ ಅತಿಯಾಗಿ ನೆಚ್ಚಬಾರದು.

3. ಹರಿಗೋಲು ನ್ಯಾಯದ ಸ್ಥಾಪನೆ

ಕಾಕತಾಳೀಯ ನ್ಯಾಯ, ಬೀಜವೃಕ್ಷ ನ್ಯಾಯ, ಅರುಂಧತೀ ನ್ಯಾಯಗಳನ್ನು ಹಿಂದಿನವರು ಕೊಟ್ಟುಹೋದರು. ಕಿಷ್ಕಿಂಧೆಯ ಕಡೆಯಿಂದ ಒಂದೂ ನ್ಯಾಯ ಹುಟ್ಟಿಲ್ಲ. ವಾಲಿಗೆ ನ್ಯಾಯ ಸಿಗದಿದ್ದುದು ಬೇರೆ ವಿಚಾರ. ಆ ಬಾಕಿಯನ್ನು ಇಲ್ಲಿ ತೀರಿಸಲಾಗುತ್ತಿದೆ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್, ಆನೆಗೊಂದಿಗೆ ಹೊಳೆ ದಾಟಿಸುವ ಬುಟ್ಟಿಯಾಕಾರದ ದೋಣಿಗಳನ್ನು ಕಂಡು ಬರೆದಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದಿಪ್ಪತ್ತು ಮಂದಿ ಹಿಡಿಯುತ್ತಿದ್ದರು. ಅವು ಉಳಿದ ದೋಣಿಗಳಂತೆ ನೆಟ್ಟಗೆ ಹೋಗಲಾರದೆ ಸುತ್ತುತ್ತಲೇ ಇರುತ್ತವೆ ಎಂಬುದನ್ನೂ ಆತ ಗಮನಿಸಿದ್ದಾನೆ. ಅಂದರೆ ಐನೂರು ವರ್ಷದ ಹಿಂದೆ ಸುತ್ತುವುದು ಹರಿಗೋಲಿನ ದೋಷ, ದಾಟಿಸುವುದು ಅದರ ಗುಣ. ಇಂದು ಸಾಣಾಪುರದ ಕೆರೆಯಲ್ಲಿ ಹರಿಗೋಲು ಯಾರನ್ನೂ ಎಲ್ಲಿಗೂ ದಾಟಿಸುವುದಿಲ್ಲ. ನಡುನೀರಿಗೆ ಒಯ್ದು, ಹುಟ್ಟು ಹಾಕಿ ಗರಗರ ತಿರುಗಿಸಿ, ಪ್ರವಾಸಿಗರು ಕಿರುಚಿ ಮುಗಿದ ಮೇಲೆ ಹತ್ತಿದ ದಂಡೆಗೇ ತಂದು ಇಳಿಸುತ್ತದೆ. ದುಡ್ಡು ಕೊಡುವುದು ಆ ದೋಷಕ್ಕೇ.

ಕೆರೆಯ ಕಥೆಯೂ ಬೇರೆಯಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಅಲ್ಲಿ ನಿಲ್ಲುವುದು ಭತ್ತಕ್ಕಾಗಿ. ಈಗ ಅದರ ಅರ್ಧ ಕೀರ್ತಿ ರೀಲ್ಸಿನದು. ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕಬ್ಬಿಣಯುಗದವರು ಸತ್ತವರಿಗೆಂದು ಕಟ್ಟಿದ ನೂರಾರು ಕಲ್ಲುಗೂಡುಗಳನ್ನು ನಮ್ಮ ಜನ ‘ಮೋರ್ಯರ ಮನೆ’ ಎಂದು ಕರೆದು, ಅದರೊಳಗೆ ಕುಳ್ಳ ಸಂಸಾರಗಳನ್ನೇ ಹೂಡಿಬಿಟ್ಟರು.

ಇದರಿಂದ ಹೊರಡುವ ಸೂತ್ರ: *ಮಾಡಿದವನ ಉದ್ದೇಶ ಅವನ ಹೊಸ್ತಿಲಿನವರೆಗೆ; ಆಚೆಗೆ ಇಟ್ಟುಕೊಂಡವನ ಉಪಯೋಗವೇ ಪ್ರಮಾಣ.* ಇದೇ ಹರಿಗೋಲು ನ್ಯಾಯ.

4. ಯುಗವಿಭಾಗ

ಗೇಮ್ ಪೆಟ್ಟಿಗೆಗಳ ಚರಿತ್ರೆಯನ್ನು ಪಾಶ್ಚಾತ್ಯರು ತಲೆಮಾರುಗಳ ಲೆಕ್ಕದಲ್ಲಿ ಹೇಳುತ್ತಾರೆ. ನಮಗೆ ಯುಗಗಳಿರುವಾಗ ತಲೆಮಾರಿನ ಹಂಗೇಕೆ?

*ಕೃತಯುಗ.* 1994ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮೊದಲ ಪ್ಲೇಸ್ಟೇಷನ್ ಅವತರಿಸಿತು. ಗೇಮ್ ಇದ್ದದ್ದು ಸಿಡಿಯಲ್ಲಿ. ಹಾಗಾಗಿ ಹಾಡಿನ ಸಿಡಿ ಹಾಕಿದರೂ ಹಾಡುತ್ತಿತ್ತು. ಅದರ ಮೊದಮೊದಲ ಮಾದರಿಗಳ ದನಿ ಎಷ್ಟು ಚೆನ್ನಾಗಿದೆಯೆಂದರೆ, ಲಕ್ಷಾಂತರ ರೂಪಾಯಿಯ ಸ್ಪೀಕರ್ ಇಟ್ಟುಕೊಂಡ ಸಂಗೀತಪ್ರಿಯರು ಮುಂದೆ ಅದನ್ನು ಬರೀ ಸಿಡಿ ಪ್ಲೇಯರ್ ಮಾಡಿಕೊಳ್ಳಲು ಹುಡುಕಿ ಕೊಂಡರು. ಏಷ್ಯಾದ ಪೇಟೆಗಳಿಗೆಂದು ವಿಸಿಡಿ ಓಡಿಸುವ ಬಿಳಿ ಮಾದರಿಯೂ ಬಂತು. ಧರ್ಮ ನಾಲ್ಕೂ ಕಾಲಿನ ಮೇಲೆ ನಿಂತಿದ್ದ ಕಾಲ.

*ತ್ರೇತಾಯುಗ.* 2000ದ ಮಾರ್ಚ್ 4ರಂದು ಪ್ಲೇಸ್ಟೇಷನ್ 2 ಬಂತು; ಬೆಲೆ 39,800 ಯೆನ್. ಡಿವಿಡಿ ಪ್ಲೇಯರುಗಳಿನ್ನೂ ದುಬಾರಿಯಿದ್ದ ದಿನಗಳವು. ಒಂದೇ ಖರ್ಚಿನಲ್ಲಿ ಡಿವಿಡಿಯೂ ಓಡುತ್ತದೆಂದು, ಗೇಮಿನ ಗಂಧವಿಲ್ಲದವರೂ ಕೊಂಡರು. ತಯಾರಿಸಿದ ಸೋನಿ ಕಂಪನಿಯ ಲೆಕ್ಕದಂತೆ ಅದು ಮಾರಿದ್ದು ಹದಿನಾರು ಕೋಟಿ ಪೆಟ್ಟಿಗೆ. ಮರುವರ್ಷ ಬಂದ ಎಕ್ಸ್‌ಬಾಕ್ಸ್ ಡಿವಿಡಿ ತೋರಿಸಲು ಬೇರೊಂದು ರಿಮೋಟ್ ಕಿಟ್ಟನ್ನು ವರದಕ್ಷಿಣೆಯಾಗಿ ಕೇಳಿತು. ಸಿಟ್ಟಾದ ತುಂಟರು ಅದರ ಹೊಟ್ಟೆ ಬಗೆದು ತಮ್ಮದೇ ಪ್ಲೇಯರ್ ತುರುಕಿದರು. ಅದೇ ಎಕ್ಸ್‌ಬಿಎಂಸಿ ಆಗಿ ಬೆಳೆದು, 2014ರಲ್ಲಿ ಕೋಡಿ ಎಂದು ಹೆಸರು ಬದಲಿಸಿಕೊಂಡು, ಈಗ ಹತ್ತಾರು ಬಗೆಯ ಯಂತ್ರಗಳಲ್ಲಿ ಓಡುತ್ತದೆ. ಹಡೆದ ಹಳೇ ಎಕ್ಸ್‌ಬಾಕ್ಸನ್ನು ಮಾತ್ರ ಎಂದೋ ಕೈಬಿಟ್ಟಿದೆ. ವೃದ್ಧಾಪ್ಯದಲ್ಲಿ ತಂದೆತಾಯಿಯರ ಪಾಡು ಕುರಿತು ಪ್ರತ್ಯೇಕ ಪ್ರಬಂಧವೇ ಬೇಕು.

ಕನ್ನಡನಾಡಿನಲ್ಲಿ ಈ ಯುಗಕ್ಕೆ ಬೇರೆಯೇ ವಿಘ್ನ. ನಮ್ಮ ಮನೆಗಳಲ್ಲಿ ರಾಶಿ ಬಿದ್ದಿದ್ದವು ವಿಸಿಡಿಗಳು. ಪ್ಲೇಸ್ಟೇಷನ್ 2 ಡಿವಿಡಿ ನುಂಗುತ್ತಿತ್ತು, ವಿಸಿಡಿ ಉಗುಳುತ್ತಿತ್ತು. ಚೀನಾದಿಂದ ಬಂದ ಅಗ್ಗದ ಪ್ಲೇಯರುಗಳು ಕೊಟ್ಟಿದ್ದೆಲ್ಲ ತಿನ್ನುತ್ತಿದ್ದುದರಿಂದ ಅವೇ ಗೆದ್ದವು.

ತ್ರೇತೆ ರಾಮಾಯಣದ ಯುಗವೆಂಬುದಕ್ಕೆ ಇಲ್ಲೊಂದು ಪ್ರಬಲ ಪುರಾವೆ ಸಿಗುತ್ತದೆ. 2009ರಲ್ಲಿ ಹೈದರಾಬಾದಿನ ಕಂಪನಿಯೊಂದು ಪ್ಲೇಸ್ಟೇಷನ್ 2ಕ್ಕೆ ‘ಹನುಮಾನ್: ಬಾಯ್ ವಾರಿಯರ್’ ಎಂಬ ಗೇಮ್ ಮಾಡಿತು. ದೇವರನ್ನು ಬಟನ್ ಒತ್ತಿ ಕುಣಿಸುವುದೇ ಎಂದು ಅಮೆರಿಕದ ಹಿಂದೂ ಮುಖಂಡರು ಆಕ್ಷೇಪ ಎತ್ತಿದರು. ಹನುಮ ಹುಟ್ಟಿದ್ದೆಂದು ನಮ್ಮವರು ನಂಬಿದ ಅಂಜನಾದ್ರಿ ಸಾಣಾಪುರದ ಮಗ್ಗುಲಿಗೇ ಇದೆ. ಇಲ್ಲಿ ಯಾರೂ ಆಕ್ಷೇಪಿಸಲಿಲ್ಲ, ಯಾಕೆಂದರೆ ಯಾರೂ ಅದನ್ನು ನೋಡಲೇ ಇಲ್ಲ. ನಮ್ಮ ಅಧ್ಯಯನದ ಪೆಟ್ಟಿಗೆಯಲ್ಲಂತೂ ಅದು ಓಡುವುದೇ ಇಲ್ಲ. ತೆಳು ಮೈಯ ಪ್ಲೇಸ್ಟೇಷನ್ 3 ಹಿಂದಿನ ಯುಗದ ಗೇಮ್ ಡಿಸ್ಕನ್ನು ಓಡಿಸುವುದಿಲ್ಲ. ಯುಗಾಂತರದಲ್ಲಿ ಹನುಮನಿಗೂ ಪ್ರವೇಶವಿಲ್ಲ.

*ದ್ವಾಪರಯುಗ.* 2006ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 3. ದ್ವಾಪರವೆಂದ ಮೇಲೆ ಕುರುಕ್ಷೇತ್ರ ಇರಲೇಬೇಕು. ಒಂದು ಕಡೆ ಸೋನಿಯ ಬ್ಲೂ-ರೇ, ಎದುರಿಗೆ ತೋಷಿಬಾದ ಎಚ್‌ಡಿ ಡಿವಿಡಿ. ಬ್ಲೂ-ರೇ ಪ್ಲೇಯರಿಗೆ ಸಾವಿರ ಡಾಲರಿನ ಹತ್ತಿರ ಬೆಲೆಯಿದ್ದಾಗ ಈ ಪೆಟ್ಟಿಗೆ ಐನೂರು, ಆರುನೂರಕ್ಕೆ ಸಿಕ್ಕಿತು. ಗೇಮಿನ ನೆಪದಲ್ಲಿ ಮನೆಮನೆಗೆ ಬ್ಲೂ-ರೇ ನುಗ್ಗಿತು. 2008ರ ಫೆಬ್ರವರಿಯಲ್ಲಿ ತೋಷಿಬಾ ಶಸ್ತ್ರ ಕೆಳಗಿಟ್ಟಿತು. ಇಷ್ಟು ದೊಡ್ಡ ಯುದ್ಧ ಗೆದ್ದ ಆ ನೀಲಿ ಕಿರಣ ಸಾಣಾಪುರಕ್ಕೆ ಬಂದ ಮೇಲೆ ಈವರೆಗೆ ಒಂದು ಬ್ಲೂ-ರೇ ಡಿಸ್ಕಿನ ಮುಖ ನೋಡಿಲ್ಲ.

*ಕಲಿಯುಗ.* 2013ರ ಪ್ಲೇಸ್ಟೇಷನ್ 4 ಹಾಡಿನ ಸಿಡಿಯನ್ನು ಓದುವುದಿಲ್ಲ. 2020ರ ಐದನೆಯದರ ಡಿಜಿಟಲ್ ಮಾದರಿಗೆ ಡಿಸ್ಕ್ ಹಾಕಲು ಬಾಯಿಯೇ ಇಲ್ಲ. ಧರ್ಮಕ್ಕೆ ಒಂದೇ ಕಾಲು ಉಳಿದದ್ದಕ್ಕೆ ಬೇರೆ ನಿದರ್ಶನ ಬೇಡ.

5. ಸಾಣಾಪುರದ ಪ್ರತಿಯ ಲಕ್ಷಣಗಳು

2007ರಲ್ಲಿ ನಮ್ಮ ದೇಶಕ್ಕೆ ಬಂದಾಗ ನಲವತ್ತು ಸಾವಿರದ ಆಸುಪಾಸು ಬೆಲೆಯಿದ್ದ ಈ ಯಂತ್ರ, ಇಲ್ಲಿ ಹಳದಿ-ಬಿಳಿ-ಕೆಂಪು ತಲೆಯ ವೈರಿನ ಮೂಲಕ ಹಳೆಯ ಡಬ್ಬಾ ಟಿವಿಗೆ ಜೋಡಣೆಯಾಗಿದೆ. ಆಹಾರ: ಪೆನ್‌ಡ್ರೈವ್. ಅದಕ್ಕೆ ಪಿಚ್ಚರ್ ತುಂಬಿಸಿಕೊಂಡು ಬರುವುದು ಗಂಗಾವತಿಯಿಂದ. ಅರ್ಧ ಕನ್ನಡ, ಅರ್ಧ ತೆಲುಗು. ಸುತ್ತಲೂ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳಿರುವ ಸೀಮೆಯಲ್ಲಿ ಈ ಪ್ರಮಾಣ ಸಹಜ.

ಪಥ್ಯ ಬಹಳ ಕಟ್ಟುನಿಟ್ಟು. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ಆ ಮಾದರಿಯಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಎಂಪಿ4 ಆಗಬಹುದು, ಎಂಕೆವಿ ಮುಟ್ಟಲಾರದು. ಪರಿಣಾಮವಾಗಿ ಗೀರು ಬಿದ್ದ ಹಳೇ ಪೌರಾಣಿಕ ಚಿತ್ರ ಸಲೀಸಾಗಿ ಒಳಹೊಕ್ಕರೆ, ಕಣ್ಣು ಕೋರೈಸುವ ಹೊಸ ಚಿತ್ರ ಬಾಗಿಲಲ್ಲೇ ನಿಲ್ಲುತ್ತದೆ. ಗುಣ ಕಡಿಮೆಯಿದ್ದಷ್ಟೂ ಪ್ರವೇಶ ಸುಲಭ ಎಂಬ ಈ ನಿಯಮ ಬೇರೆ ಸಂಸ್ಥೆಗಳಿಗೂ ಅನ್ವಯಿಸುವುದನ್ನು ವಿದ್ವತ್ ವಲಯ ಬಲ್ಲದು.

ಇನ್ನು ಕೈಯಲ್ಲಿ ಹಿಡಿಯುವ ಕಂಟ್ರೋಲರ್. ನಮ್ಮ ಕಡೆಯ ಪೆಟ್ಟಿಗೆಗಳಲ್ಲಿ ಗುಣಾಕಾರದ ಗುರುತು ಒತ್ತಿದರೆ ಒಪ್ಪಿಗೆ, ದುಂಡು ಸೊನ್ನೆ ಒತ್ತಿದರೆ ಹಿಂದಕ್ಕೆ. ಜಪಾನಿನಲ್ಲಿ 2020ರವರೆಗೆ ಇದು ತಿರುವುಮುರುವಾಗಿತ್ತು. ಅಲ್ಲಿ ಸೊನ್ನೆಯೇ ಸರಿ, ಗುಣಾಕಾರ ತಪ್ಪು. ಕನ್ನಡ ಶಾಲೆಯ ಪಾಟಿಯ ಮೇಲೆ ಗುಣಾಕಾರ ಬಿದ್ದಾಗಲೆಲ್ಲ ಏಟು ತಿಂದಿದ್ದ ಅಜ್ಜ, ತಪ್ಪಿನ ಗುರುತು ಒತ್ತಿ ಸರಿಯಾದ ಪಿಚ್ಚರ್ ಹಚ್ಚುವಾಗ ಇವತ್ತಿಗೂ ಒಮ್ಮೆ ಹಿಂದಕ್ಕೆ ತಿರುಗಿ ನೋಡುತ್ತಾನೆ.

ಕಂಟ್ರೋಲರಿನ ಹೊಟ್ಟೆಯ ಕಡೆಗೆ ಎರಡು ಉಬ್ಬು ಗುಂಡಿಗಳಿವೆ. ಗೇಮಿನಲ್ಲಿ ಅವು ಗುಂಡು ಹಾರಿಸಲು, ಗಾಡಿ ಓಡಿಸಲು. ಸಿನಿಮಾದಲ್ಲಿ ಮುಂದಕ್ಕೂ ಹಿಂದಕ್ಕೂ ಓಡಿಸಲು. ಕಂಟ್ರೋಲರನ್ನು ಜಮಖಾನದ ಮೇಲೆ ಇಟ್ಟರೆ ಅದರದೇ ಭಾರಕ್ಕೆ ಆ ಗುಂಡಿ ಅದುಮಿಕೊಳ್ಳುತ್ತದೆ. ಕ್ಷೇತ್ರಕಾರ್ಯದಲ್ಲಿ ದಾಖಲಾದ ಸಂವಾದ ಹೀಗಿದೆ:

“ಏ ತಮ್ಮಾ, ಹೆಣದ ಮುಂದ ಅಳಾಕ್ಹತ್ತಿದ್ದಾಕಿ ಒಮ್ಮಿಗಲೇ ಯಾಕ ಓಡಾಕ್ಹತ್ಯಾಳ?”

“ಯಜ್ಜಾ, ಅದನ್ನ ಬೋರಲ ಹಾಕಿಡು ಅಂತ ಎಷ್ಟ ಸರ್ತಿ ಹೇಳ್ಬೇಕು?”

ಅಂದಿನಿಂದ ಆ ಮನೆಯಲ್ಲಿ ಕಂಟ್ರೋಲರ್ ಬೋರಲಾಗಿಯೇ ಮಲಗುತ್ತದೆ. ಪರದೇಶದಲ್ಲಿ ಇದೇ ತೊಂದರೆಗೆ ಆ ಗುಂಡಿಗಳಿಗೆ ತೊಡಿಸುವ ಪ್ಲಾಸ್ಟಿಕ್ ಕವಚ ಮಾರುತ್ತಿದ್ದರು. ಸಾಣಾಪುರ ಅದನ್ನು ಬಿಡಿಗಾಸಿಲ್ಲದೆ ಬಗೆಹರಿಸಿತು.

ಕರೆಂಟು ಹೋಗಿ ಬಂದಾಗಿನ ವರ್ತನೆಯೂ ಗಮನಾರ್ಹ. ಪೆಟ್ಟಿಗೆ ಎಚ್ಚರಾದೊಡನೆ, ಹಿಂದಿನ ಸಲ ತನ್ನನ್ನು ಸರಿಯಾಗಿ ಆರಿಸಲಿಲ್ಲವೆಂದು ತಕರಾರು ತೆಗೆದು, ತನ್ನ ಹಾರ್ಡ್‌ಡಿಸ್ಕನ್ನು ತಾನೇ ತಪಾಸಿಸಿಕೊಳ್ಳಲು ಕೂರುತ್ತದೆ. ಮೊಮ್ಮಗ ಅದನ್ನು ಓದಿ ಹೇಳಿದಾಗ ಅಜ್ಜ ಕೊಟ್ಟ ಲಿಖಿತವಲ್ಲದ ಹೇಳಿಕೆ: “ನಾ ಆರಿಸಿಲ್ಲೋ ಯಪ್ಪಾ. ಆರಿಸಿದಾಂವ ಲೈನ್‌ಮನ್, ಅವ್ನನ್ನ ಕೇಳಂತ ಹೇಳು.”

6. ಪೂರ್ವಪಕ್ಷ ಮತ್ತು ಸಿದ್ಧಾಂತ

*ಪೂರ್ವಪಕ್ಷ:* ಟಿವಿಗೆ ಚುಚ್ಚುವ ಒಂದು ಕಡ್ಡಿ ಇದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ಈ ಪೆಟ್ಟಿಗೆಯ ಮೊದಲ ಮಾದರಿಗೆ 380 ವ್ಯಾಟ್ ಬೇಕೆಂದು ಬರೆದಿತ್ತು. ಫ್ಯಾನು ಬೇರೆ ಗುಂಯ್‌ಗುಡುತ್ತದೆ. *ಸಿದ್ಧಾಂತ:* ಗೇಮಿನ ರಭಸಕ್ಕೂ ಅದು ಅಷ್ಟು ವ್ಯಾಟ್ ಎಳೆಯುವುದಿಲ್ಲ. ಪಿಚ್ಚರಿಗೆ ಅದು ಕಡಿಮೆಯಲ್ಲೇ ತೃಪ್ತ. ಕಡ್ಡಿಗಾದರೋ ನೆಟ್ಟು ಬೇಕು, ತಿಂಗಳ ಚಂದಾ ಬೇಕು, ಪಾಸ್‌ವರ್ಡ್ ಬೇಕು. ಪೆನ್‌ಡ್ರೈವಿಗೆ ಗಂಗಾವತಿಗೆ ಹೋಗುವವರೊಬ್ಬರು ಸಿಕ್ಕರೆ ಸಾಕು.

*ಪೂರ್ವಪಕ್ಷ:* ಗೇಮಿಗೆ ಹುಟ್ಟಿದ್ದನ್ನು ಬೇರೆಯದಕ್ಕೆ ಬಳಸುವುದು ತಯಾರಕರ ಆಶಯಕ್ಕೆ ಅಪಚಾರ. *ಸಿದ್ಧಾಂತ:* ತಯಾರಕರ ಆಶಯವೇ ಗಟ್ಟಿಯಿರಲಿಲ್ಲ. ಇದರ ಮೊದಲ ಮಾದರಿಗಳಲ್ಲಿ ಲಿನಕ್ಸ್ ಹಾಕಿಕೊಂಡು ಕಂಪ್ಯೂಟರಿನಂತೆ ಬಳಸಿರಿ ಎಂದು ಮೊದಲು ಅವರೇ ಬಿಟ್ಟರು. 2010ರ ಏಪ್ರಿಲ್ 1ರಂದು ಒಂದು ಅಪ್‌ಡೇಟ್ ಕಳಿಸಿ ಅವರೇ ಕಿತ್ತುಕೊಂಡರು. ತಾರೀಕನ್ನು ಓದುಗರು ಗಮನಿಸಬೇಕು. ಅದೇ ವರ್ಷ ಅಮೆರಿಕದ ವಾಯುಪಡೆ 1,700ಕ್ಕೂ ಹೆಚ್ಚು ಪ್ಲೇಸ್ಟೇಷನ್ 3ಗಳನ್ನು ಪೋಣಿಸಿ ಸೂಪರ್‌ಕಂಪ್ಯೂಟರ್ ಕಟ್ಟಿತು. ವಾಯುಪಡೆಯವರು ಇದರಿಂದ ಲೆಕ್ಕ ಮಾಡಿಸಬಹುದಾದರೆ ಸಾಣಾಪುರದ ಅಜ್ಜ ಪಿಚ್ಚರ್ ಹಚ್ಚಬಾರದೇ?

*ಪೂರ್ವಪಕ್ಷ (ಮನೆಯ ಸಣ್ಣ ಹುಡುಗನದು):* ಒಂದೇ ಒಂದು ಸಲ ಗೇಮ್ ಆಡೋಣ. *ಸಿದ್ಧಾಂತ:* ಪಿಚ್ಚರ್ ಮುಗೀಲಿ.

7. ಫಲಶ್ರುತಿ

ಈ ಪ್ರಬಂಧವನ್ನು ಸಂಜೆ ದೀಪ ಹಚ್ಚುವ ಹೊತ್ತಿಗೆ ಪಠಿಸುವವರ ಪೆನ್‌ಡ್ರೈವ್ ಎಂದೂ ಕೆಡುವುದಿಲ್ಲ. ಕೇಳುವವರ ಮನೆಯ ಪಿಚ್ಚರು ಕ್ಲೈಮ್ಯಾಕ್ಸಿನಲ್ಲಿ ಕರೆಂಟು ಕಳೆದುಕೊಳ್ಳುವುದಿಲ್ಲ. ಕಂಟ್ರೋಲರನ್ನು ಬೋರಲು ಮಲಗಿಸುವವರಿಗೆ ಅಳುವ ದೃಶ್ಯಗಳಲ್ಲಿ ಪೂರಾ ಅಳುವ ಪುಣ್ಯ ಲಭಿಸುತ್ತದೆ. ಮಕ್ಕಳು ಬೇಡವೆಂದದ್ದನ್ನು ಊರಿಗೆ ಒಯ್ದು ಹಿರಿಯರ ಕೈಗಿಡುವವರಿಗೆ ಹರಿಗೋಲು ನ್ಯಾಯದ ಪೂರ್ಣಫಲ.

ಕಂಪನಿಗಳಿಗೂ ಫಲ ಹೇಳಿದೆ. ಬಾಯಿಲ್ಲದ ಪೆಟ್ಟಿಗೆ ಮಾಡಿ, ಏನು ನೋಡಬೇಕು, ಎಷ್ಟು ದಿನ ನೋಡಬೇಕೆಂಬುದನ್ನು ತಾವೇ ಕಾಯ್ದಿಟ್ಟುಕೊಂಡವರಿಗೆ ತಿಂಗಳಿಗೊಮ್ಮೆ ಚಂದಾ ತಪ್ಪದೆ ಬರುತ್ತದೆ. ಅಂಥ ಪೆಟ್ಟಿಗೆಗೆ ಸಾಣಾಪುರದಲ್ಲಿ ಎರಡನೆಯ ಜನ್ಮ ಮಾತ್ರ ಇಲ್ಲ.