ಮಾತು ಬಿಟ್ಟವರ ಮನೆ: ಆಂಡ್ರಾಯ್ಡ್ ಸಂಸಾರದ ಒಂದು ಮೀಮಾಂಸೆ

ಆಂಡ್ರಾಯ್ಡ್ ಆ್ಯಪ್ ಯಂತ್ರವಲ್ಲ, ಮಾತು ಬಿಟ್ಟವರು ಒಂದೇ ಸೂರಿನಡಿ ನಡೆಸುವ ಸಂಸಾರ ಎಂಬುದು ಈ ಪ್ರಬಂಧದ ಸಿದ್ಧಾಂತ. ಆಕ್ಟಿವಿಟಿ, ಸರ್ವೀಸ್, ಬ್ರಾಡ್‌ಕಾಸ್ಟ್ ರಿಸೀವರ್, ಕಂಟೆಂಟ್ ಪ್ರೊವೈಡರ್ ಎಂದು ಮನೆಯಲ್ಲಿ ನಾಲ್ಕು ಜಾತಿಯ ಜನ. ಮ್ಯಾನಿಫೆಸ್ಟ್ ಎಂಬ ರೇಷನ್ ಕಾರ್ಡಿನಲ್ಲಿ ಹೆಸರೇನೋ ಒಟ್ಟಿಗೇ ಇರುತ್ತದೆ. ಆದರೂ ಒಂದು ಆಕ್ಟಿವಿಟಿಗೆ ಇನ್ನೊಂದು ಬೇಕಾದರೆ ನೇರವಾಗಿ ಕೂಗಿ ಕರೆಯುವುದಿಲ್ಲ. ಇಂಟೆಂಟ್ ಎಂಬ ಚೀಟಿ ಬರೆದು ಸಿಸ್ಟಮ್ಮಿನ ಕೈಗೆ ಕೊಡುತ್ತದೆ. ಮುನಿಸಿಕೊಂಡ ಹೆಂಡತಿ, ಗಂಡ ಎದುರಿಗೇ ಕೂತಿದ್ದರೂ, ‘ಪುಟ್ಟಾ, ನಿಮ್ಮಪ್ಪಂಗೆ ಹೇಳು, ಅನ್ನ ಆರ್ತಾ ಇದೆ ಅಂತ’ ಎನ್ನುತ್ತಾಳಲ್ಲ, ಥೇಟ್ ಅದೇ ಕ್ರಮ. ಇಲ್ಲಿ ಪುಟ್ಟನ ಹೆಸರು ಬೈಂಡರ್. ಪಾಪ, ಅವನ ಶಕ್ತಿಗೂ ಮಿತಿಯಿದೆ: ಒಂದು ಪ್ರೋಸೆಸ್ಸಿನಲ್ಲಿ ಆ ಹೊತ್ತಿಗೆ ಓಡಾಡುವ ಚೀಟಿಗಳಿಗೆಲ್ಲ ಸೇರಿ ಸುಮಾರು 1 ಎಂಬಿ. ಚೀಟಿಯೊಳಗೆ ದೊಡ್ಡ ಫೋಟೊ ಸುತ್ತಿಕೊಟ್ಟರೆ ‘ಟ್ರಾನ್ಸಾಕ್ಷನ್ ಟೂ ಲಾರ್ಜ್’ ಎಂದು ಅತ್ತು ಕೆಡವಿಬಿಡುತ್ತಾನೆ.

ಹೆಸರು ಹಿಡಿದು ಬರೆದ ಚೀಟಿ ಎಕ್ಸ್‌ಪ್ಲಿಸಿಟ್. ಇಂಪ್ಲಿಸಿಟ್ ಎಂದರೆ ಗೋಡೆಗೆ ಹೇಳುವುದು: ‘ಫೋಟೊ ತೋರಿಸೋಕೆ ಬರೋರು ಯಾರಾದ್ರೂ ಇದ್ದಾರಾ?’ ಹಲವರು ಕೈ ಎತ್ತಿದರೆ ನಮ್ಮೆದುರು ಪಟ್ಟಿ ಬರುತ್ತದೆ. ಯಾರೂ ಎತ್ತದಿದ್ದರೆ, ಮುನ್ನೆಚ್ಚರಿಕೆ ಇಲ್ಲದ ಪಕ್ಷದಲ್ಲಿ, ಕೇಳಿದವರೇ ಮೂರ್ಛೆ ಹೋಗುತ್ತಾರೆ. ಇನ್ನು ಬ್ರಾಡ್‌ಕಾಸ್ಟ್ ಎಂಬುದು ಶುದ್ಧ ಪಾತ್ರೆ ಕುಕ್ಕುವಿಕೆ. ಯಾರನ್ನೂ ಉದ್ದೇಶಿಸಿದ್ದಲ್ಲ, ಕೇಳಿಸಬೇಕಾದವರಿಗೆಲ್ಲ ಕೇಳಿಸುತ್ತದೆ. ಒಂದು ಸದ್ದಿಗೆ ಮಲಗಿದ್ದ ಆ್ಯಪ್‌ಗಳೆಲ್ಲ ಎದ್ದು ಬ್ಯಾಟರಿ ತಿನ್ನತೊಡಗಿದ್ದರಿಂದ 2017ರ ಆಂಡ್ರಾಯ್ಡ್ 8ರಲ್ಲಿ ಇದಕ್ಕೆ ಕಡಿವಾಣ ಬಿತ್ತು. ಕುಕ್ಕಿದ ಸದ್ದು ಗಾಳಿಯಲ್ಲೇ ಉಳಿದು ತಡವಾಗಿ ಬಂದವನ ಕಿವಿಗೂ ಬಡಿಯುವ ‘ಸ್ಟಿಕಿ’ ಎಂಬ ಹಳೇ ಮುನಿಸನ್ನಂತೂ 2014ರಲ್ಲೇ ಬಳಸಕೂಡದೆಂದು ಸಾರಲಾಗಿತ್ತು.

ಪೂರ್ವಪಕ್ಷದವರು ಹೇಳಬಹುದು: ಇದು ಮುನಿಸಲ್ಲ, ಭದ್ರತೆ; ಒಂದು ಆ್ಯಪ್ ಇನ್ನೊಂದರ ಮೆಮೊರಿಗೆ ಕೈ ಹಾಕಬಾರದು. ನೆರೆಮನೆಯ ಮಟ್ಟಿಗೆ ಒಪ್ಪೋಣ. ಒಂದೇ ಆ್ಯಪಿನ, ಒಂದೇ ಪ್ರೋಸೆಸ್ಸಿನ ಎರಡು ಆಕ್ಟಿವಿಟಿಗಳ ನಡುವೆಯೂ ಚೀಟಿಯೇಕೆ? ಆಕ್ಟಿವಿಟಿಯ ಆಯುಷ್ಯ ನಂಬುವಂಥದ್ದಲ್ಲ, ಫೋನ್ ಅಡ್ಡ ತಿರುಗಿಸಿದರೆ ಸಾಮಾನ್ಯವಾಗಿ ಹಳೆಯದು ಸತ್ತು ಅದೇ ಹೆಸರಿನ ಹೊಸದು ಹುಟ್ಟುತ್ತದೆ, ಹಳೆಯದರ ಕೈ ಹಿಡಿದು ಕೂತರೆ ಹೆಣ ಮನೆಯಲ್ಲೇ ಉಳಿದು ಮೆಮೊರಿ ಲೀಕ್ ಆಗುತ್ತದೆ ಎಂದು ಅವರ ಸಮಾಧಾನ. ಅಕ್ಷರಶಃ ನಿಜ. ಆದರೆ ಮಾತು ಬಿಟ್ಟವರ ದೂರೂ ಇದೇ ಅಲ್ಲವೇ: ‘ಅವ್ರ ಹತ್ರ ಏನು ಮಾತಾಡೋದು, ಮಗ್ಗುಲು ಬದಲಿಸಿದ್ರೆ ಬೇರೆ ಮನುಷ್ಯ!’ ಮನೆಯೊಳಗಷ್ಟೇ ಪಾತ್ರೆ ಕುಕ್ಕಲೆಂದು ಕೊಟ್ಟಿದ್ದ ಲೋಕಲ್ ಬ್ರಾಡ್‌ಕಾಸ್ಟ್ ಮ್ಯಾನೇಜರನ್ನೂ ಈಗ ಕೈಬಿಟ್ಟು, ಲೈವ್‌ಡೇಟಾ ಬಳಸಿ ಎನ್ನುತ್ತಾರೆ. ಅಂದರೆ ಒಬ್ಬರು ಫ್ರಿಜ್ ಬಾಗಿಲಿಗೆ ‘ಹಾಲು ಖಾಲಿ’ ಎಂದು ಅಂಟಿಸುತ್ತಾರೆ. ಇನ್ನೊಬ್ಬರು ಆ ಬಾಗಿಲನ್ನೇ ನೋಡುತ್ತ ಕೂತಿರುತ್ತಾರೆ.